ಉಪ್ಪುನೀರಿನ ಚೀಲ ಕಲಿಸಿದ ಪಾಠ

ವಾಣಿಜ್ಯ ವಾರ್ತೆಯೆಂದರೆ ಷೇರುಪೇಟೆಯ ಏರಿಳಿತ ಮಾತ್ರವಲ್ಲ. ಒಮ್ಮೊಮ್ಮೆ ಅದು ರೋಗಿಯ ಹಾಸಿಗೆಯವರೆಗೂ ಬರುತ್ತದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದ ಪ್ರವಾಹವು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿರುವ ಬ್ಯಾಕ್ಸ್‌ಟರ್ ಸಂಸ್ಥೆಯ ಕಾರ್ಖಾನೆಯನ್ನು ಹೊಕ್ಕಿತು. ಆ ದೇಶದ ಆಸ್ಪತ್ರೆಗಳಲ್ಲಿ ರಕ್ತನಾಳದ ಮೂಲಕ ಕೊಡುವ ಸಲೈನ್ ಮುಂತಾದ ದ್ರವಗಳಲ್ಲಿ ಸುಮಾರು ಶೇ. 60 ಭಾಗ ಅಲ್ಲಿಯೇ ತಯಾರಾಗುತ್ತಿತ್ತು. ಅನೇಕ ಆಸ್ಪತ್ರೆಗಳು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಹೊರದೇಶಗಳಿಂದ ಚೀಲಗಳನ್ನು ತರಿಸಬೇಕಾಯಿತು.

ಉಪ್ಪು, ನೀರುಗಳಿಗೂ ಬರಗಾಲವೆ? ಸಲೈನ್ ಅಗ್ಗದ ಸರಕು, ಅದರ ಲಾಭಾಂಶ ಅಲ್ಪ. ಕ್ರಿಮಿರಹಿತವಾಗಿ ತಯಾರಿಸುವ ಯಂತ್ರವ್ಯವಸ್ಥೆಯಾದರೋ ದುಬಾರಿ. ಆದುದರಿಂದ ಒಂದೇ ಕಡೆ ಬೃಹತ್ ಪ್ರಮಾಣದಲ್ಲಿ ತಯಾರಿಸಿದರೆ ಖರ್ಚು ಕಡಿಮೆ. ಉಗ್ರಾಣದ ವೆಚ್ಚ ಉಳಿಸಲು ಅನೇಕ ಆಸ್ಪತ್ರೆಗಳು ಕೆಲದಿನಗಳ ದಾಸ್ತಾನನ್ನಷ್ಟೇ ಇಡುತ್ತವೆ. ಬಿಡಿಬಿಡಿಯಾಗಿ ಎರಡೂ ನಿರ್ಧಾರಗಳು ಸಮಂಜಸವೇ. ಒಂದಕ್ಕೊಂದು ಕೂಡಿದಾಗ ಮಾತ್ರ ಅಪಾಯ.

ನಮ್ಮ ಬ್ಯಾಂಕುಗಳು ಠೇವಣಿಯ ಒಂದಂಶವನ್ನು ಸಾಲ ಕೊಡದೆ ರಿಸರ್ವ್ ಬ್ಯಾಂಕಿನಲ್ಲಿ ಇರಿಸುತ್ತವೆ. ಅದಕ್ಕೆ ಬಡ್ಡಿಯಿಲ್ಲ, ಆದರೂ ಅದು ವ್ಯರ್ಥವಲ್ಲ. ಎರಡನೆಯ ಸರಬರಾಜುದಾರ, ಕೊಂಚ ಹೆಚ್ಚಿನ ದಾಸ್ತಾನು ಇವುಗಳ ಖರ್ಚೂ ಅಂತಹುದೇ. ನಿತ್ಯ ಔಷಧಿ ಸೇವಿಸುವವರು ಕೊನೆಯ ಮಾತ್ರೆಯ ದಿನದವರೆಗೆ ಕಾಯದೆ, ಕೆಲದಿನಗಳ ಮಾತ್ರೆಗಳನ್ನು ಮುಂಚಿತವಾಗಿ ತಂದಿರಿಸಿಕೊಳ್ಳುವುದೂ ಇದೇ ವಿವೇಕ.