ಚಿತ್ರವನ್ನು ಹೊತ್ತು ತರುವ ಕೇಬಲು

ಡಿ.ವಿ.ಡಿ. ಪ್ಲೇಯರಿನ ಹಿಂಬದಿಯಲ್ಲಿ ಬಗೆಬಗೆಯ ಸಾಕೆಟ್ಟುಗಳಿರುತ್ತವೆ. ಯಾವುದರಿಂದ ಟೆಲಿವಿಷನ್ನಿಗೆ ಕೇಬಲು ಎಳೆದರೆ ಚಿತ್ರ ಚೆನ್ನಾಗಿರುತ್ತದೆ? ಬೆಲೆ ಹೆಚ್ಚಿದಷ್ಟೂ ಚಿತ್ರ ಉತ್ತಮವೆಂದು ಹಲವರ ನಂಬಿಕೆ. ಭೌತವಿಜ್ಞಾನ ಹೇಳುವುದು ಬೇರೆ.

ಡಿಸ್ಕಿನಲ್ಲಿ ಚಿತ್ರದ ಬೆಳಕಿನ ವಿವರವೂ ಬಣ್ಣದ ವಿವರವೂ ಪ್ರತ್ಯೇಕವಾಗಿ ಅಂಕೆಗಳ ರೂಪದಲ್ಲಿ ಅಡಗಿರುತ್ತವೆ. ಹಳದಿ ತುದಿಯ ಕಾಂಪೊಸಿಟ್ ಕೇಬಲು ಇವೆರಡನ್ನೂ ಬೆರೆಸಿ ಒಯ್ಯುತ್ತದೆ. ಪಾಲ್ ಪದ್ಧತಿಯಲ್ಲಿ ಬಣ್ಣವು 4.43 ಮೆಗಾಹರ್ಟ್ಸ್ ಆವರ್ತದ ಅಲೆಯನ್ನೇರಿ ಬೆಳಕಿನ ಸಂಕೇತದೊಡನೆ ಬರುತ್ತದೆ. ಹಾಲು ನೀರನ್ನು ಬೇರ್ಪಡಿಸುವ ಹಂಸದ ಕೆಲಸ ಟೆಲಿವಿಷನ್ನಿನ ಪಾಲಿಗೆ ಬೀಳುತ್ತದೆ. ಅದು ಪೂರ್ತಿ ಕೈಗೂಡದಾಗ, ಸಣ್ಣ ಗೆರೆಗಳ ಅಂಗಿಯ ಮೇಲೆ ಇಲ್ಲದ ಬಣ್ಣಗಳು ಮಿನುಗುತ್ತವೆ. ಎಸ್-ವಿಡಿಯೊ ಕೇಬಲಿನಲ್ಲಿ ಬೆಳಕಿಗೊಂದು, ಬಣ್ಣಕ್ಕೊಂದು ಹಾದಿಯುಂಟು. ಕಾಂಪೊನೆಂಟಿನಲ್ಲಿ ಬೆಳಕಿಗೆ ಒಂದು, ಎರಡು ವರ್ಣವ್ಯತ್ಯಾಸಗಳಿಗೆ ಒಂದೊಂದು, ಹೀಗೆ ಮೂರು ಹಾದಿಗಳು. ಬೆರಕೆ ಕಡಿಮೆಯಾದಷ್ಟೂ ಚಿತ್ರ ಸ್ಫುಟವಾಗುತ್ತದೆ.

2002ರಲ್ಲಿ ರೂಪುಗೊಂಡ ಎಚ್.ಡಿ.ಎಂ.ಐ. ಪದ್ಧತಿಯಲ್ಲಿ ಅಂಕೆಗಳು ಅಂಕೆಗಳಾಗಿಯೇ ಸಾಗುತ್ತವೆ. ಟೆಲಿವಿಷನ್ನು ಗುರುತಿಸಬೇಕಾದುದು ಸೊನ್ನೆಯೋ ಒಂದೋ ಎಂಬುದನ್ನಷ್ಟೆ. ಆದುದರಿಂದ ಒಂದೆರಡು ಮೀಟರು ದೂರಕ್ಕೆ ಸರಿಯಾಗಿ ತಯಾರಾದ ಸಾಧಾರಣ ಕೇಬಲೂ ಚಿನ್ನದ ಲೇಪದ ದುಬಾರಿ ಕೇಬಲೂ ಕೊಡುವ ಚಿತ್ರ ಒಂದೇ. ಕೇಬಲು ಸೋತರೆ ಬಣ್ಣ ಮಾಸುವುದಿಲ್ಲ. ಚುಕ್ಕೆಗಳು ಸಿಡಿಯುತ್ತವೆ, ಇಲ್ಲವೆ ಚಿತ್ರವೇ ಮಾಯವಾಗುತ್ತದೆ.

ಹೀಗಿರುವಾಗ, ಕೊಳ್ಳುವ ಮುನ್ನ ನಾವು ಎರಡೂ ಯಂತ್ರಗಳ ಬೆನ್ನನ್ನು ನೋಡೋಣ. ಎಚ್.ಡಿ.ಎಂ.ಐ. ಎರಡರಲ್ಲೂ ಇದ್ದರೆ ಅದು. ಇಲ್ಲವಾದರೆ ಕಾಂಪೊನೆಂಟ್, ಅನಂತರ ಎಸ್-ವಿಡಿಯೊ, ಕೊನೆಗೆ ಹಳದಿ ತುದಿ. ನೋಡಬೇಕಾದುದು ಹಾದಿಯನ್ನು, ಬೆಲೆಯನ್ನಲ್ಲ.