ಊಟ-ವಸತಿಯೂ ಸಂಬಳವೇ?

ಹಣವಾಗಿ ಕೈಗೆ ಬಂದದ್ದು ಮಾತ್ರ ಆದಾಯವೆಂದು ನಮ್ಮಲ್ಲಿ ಬಹುಮಂದಿಯ ಎಣಿಕೆ. ನಮ್ಮ ಭಂಡಿಗಡಿಯ ಸುತ್ತಿನ ತೋಟಗಳಲ್ಲಿ ಲೆಕ್ಕ ಬರೆದುಕೊಂಡೋ, ಪೇಟೆಯ ಹೋಟೆಲಿನ ಗಲ್ಲೆಯ ಬಳಿ ಕುಳಿತೋ ಓದು ಸಾಗಿಸುವ ವಿದ್ಯಾರ್ಥಿಗೆ "ಊಟ, ವಸತಿ ನಮ್ಮದು; ಕೈಗೆ ಇಷ್ಟು" ಎಂಬ ಮಾತು ಪರಿಚಿತವಾದುದೇ. ನಾನೂ ಎರಡು ರಜೆಗಳನ್ನು ಹೀಗೆ ದುಡಿದು ಕಳೆದವನು. ಆ ಊಟಕ್ಕೂ ಕೋಣೆಗೂ ಸರಕಾರವು ತೆರಿಗೆ ಕೇಳಬಹುದೆ?

ಮೊದಲು ಒಂದು ಭೇದವನ್ನು ತಿಳಿಯಬೇಕು. ಹಿಂದಿನವರು ವಾರಾನ್ನ ಉಂಡು ಓದಿದರು, ದಿನಕ್ಕೊಂದು ಮನೆ. (ಊಟಕ್ಕೆ ಮುನ್ನ ನೀರು ಸೇದಿಸುತ್ತಿದ್ದ ಮನೆಗಳೂ ಇದ್ದುವಂತೆ, ಅದಿರಲಿ.) ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಉಚಿತವಾಗಿ ದೊರೆಯುತ್ತವೆ. ಇವು ದುಡಿಮೆಯ ಪ್ರತಿಫಲವಲ್ಲ; ಆದ್ದರಿಂದ ಸಂಬಳವೂ ಅಲ್ಲ. ಕೆಲಸಕ್ಕೆ ಪ್ರತಿಯಾಗಿ ಅನ್ನ ಬಂದಾಗ ಮಾತೇ ಬೇರೆ.

1961ರ ಆದಾಯ ತೆರಿಗೆ ಕಾಯಿದೆಯ 17ನೆಯ ಕಲಮು ಯಜಮಾನನು ಕೊಡುವ ಬಾಡಿಗೆಯಿಲ್ಲದ ವಸತಿಯನ್ನು ಸಂಬಳದೊಳಗೇ ಸೇರಿಸಿತು. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಬಂದ 2025ರ ಕಾಯಿದೆಯೂ ಈ ತತ್ತ್ವವನ್ನು ಬಿಟ್ಟಿಲ್ಲ. ಅಡಿಕೆ ತೋಟದ ಉತ್ಪತ್ತಿಗೆ ಕೇಂದ್ರ ಸರಕಾರದ ತೆರಿಗೆಯಿಲ್ಲವೆಂಬುದು ನಿಜ. ಆದರೆ ಅಲ್ಲಿಯ ಗುಮಾಸ್ತನ ಸಂಬಳ ಕೃಷಿ ಆದಾಯವಲ್ಲ.

ಈ ಪ್ರಶ್ನೆ ಹೊಸದೂ ಅಲ್ಲ. ಸ್ಕಾಟ್ಲೆಂಡಿನ ಮಾಂಟ್ರೋಸ್ ಎಂಬ ಊರಿನ ಬ್ಯಾಂಕ್ ಏಜೆಂಟ್ ಟೆನೆಂಟ್ ಎಂಬವನು ಬ್ಯಾಂಕಿನ ಮನೆಯಲ್ಲೇ ವಾಸಿಸಬೇಕಾಗಿತ್ತು. ಆ ವಾಸವನ್ನು ಅವನು ಹಣವಾಗಿ ಮಾರ್ಪಡಿಸಲಾರನಾದ್ದರಿಂದ ಅದು ಆದಾಯವಲ್ಲವೆಂದು 1892ರಲ್ಲಿ ಇಂಗ್ಲೆಂಡಿನ ಪ್ರಭುಸಭೆ ತೀರ್ಪಿತ್ತಿತು. ಅಮೆರಿಕದಲ್ಲಿ, ಕೆಲಸದ ಷರತ್ತಿನಂತೆ ವಿದ್ಯಾರ್ಥಿನಿಲಯದಲ್ಲೇ ಇದ್ದು ಮೇಲ್ವಿಚಾರಣೆ ಮಾಡುವ ವಿದ್ಯಾರ್ಥಿಯ ಕೋಣೆಗೆ ತೆರಿಗೆಯಿಲ್ಲ. ನಮ್ಮ ಕಾಯಿದೆ ಅಷ್ಟು ಉದಾರವಲ್ಲ.

ಹಾಗೆಂದು ವಾಚಕ ಮಿತ್ರರು ಗಾಬರಿಪಡಬೇಕಾಗಿಲ್ಲ. ತಿಂಗಳಿಗೆ 8,000 ರೂಪಾಯಿ ಪಡೆಯುವವನ ವರ್ಷದ ನಗದು 96,000. 2023ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, ನಮ್ಮಂಥ ಸಣ್ಣ ಊರುಗಳಲ್ಲಿ ಯಜಮಾನನ ಸ್ವಂತ ಮನೆಯ ಬೆಲೆ ಸಂಬಳದ ಶೇಕಡಾ 5, ಎಂದರೆ 4,800. ಊಟಕ್ಕೆ ದಿನಕ್ಕೆ 100 ರೂಪಾಯಿಯಂತೆ ಹಿಡಿದರೂ 36,500. ಒಟ್ಟು 1,37,300. ಹೊಸ ಪದ್ಧತಿಯಲ್ಲಿ 2025-26ರಿಂದ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ.

ಹಾಗಾದರೆ ಈ ಲೆಕ್ಕವೇಕೆ? ನನಗೆ ಮುಖ್ಯವಾಗಿ ಕಂಡದ್ದು ಇಲ್ಲಿಯೇ. ಇದೇ ಊಟದ ಲೆಕ್ಕವನ್ನು ಮುಂದಿಟ್ಟು ಕೆಲವು ಯಜಮಾನರು ಸಂಬಳವನ್ನೇ ಮೊಟಕುಗೊಳಿಸುತ್ತಾರೆ. "ತಿಂದದ್ದೇ ಸಂಬಳವಾಯಿತಲ್ಲ" ಎಂಬ ಮಾತನ್ನು ನಾನೂ ಕೇಳಿದ್ದೇನೆ. ತೆರಿಗೆಯ ಕಾಯಿದೆ ಅನ್ನವನ್ನು ಆದಾಯವೆಂದರೂ, ಕಾರ್ಮಿಕರ ಕಾಯಿದೆ ಹಾಗೆನ್ನಲು ಒಪ್ಪುವುದಿಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ವೇತನದ ಬದಲಿಗೆ ವಸ್ತುರೂಪದಲ್ಲಿ ಕೊಟ್ಟದ್ದನ್ನು ಒಟ್ಟು ವೇತನದ ಶೇಕಡಾ 15ರವರೆಗೆ ಮಾತ್ರ ವೇತನವೆಂದು ಎಣಿಸಬೇಕೆಂದು ಅದರಲ್ಲಿದೆ. ಸಲ್ಲಬೇಕಾದ ವೇತನ ತಿಂಗಳಿಗೆ 10,000 ರೂಪಾಯಿಯಾದರೆ ಊಟದ ಬಾಬ್ತು 1,500ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಅವನು ಮೂರು ಹೊತ್ತು ಉಂಡರೂ ಸರಿಯೇ, ಉಳಿದ 8,500 ಹಣವಾಗಿಯೇ ಕೈಗೆ ಬರಬೇಕು.