ಲಾಬ್‌ಸ್ಟರ್‌ಗೆ ಬೇಕು ಕತ್ತಲೆಯ ಪೊಟರೆ

ಅಕ್ವೇರಿಯಂ ಅಂಗಡಿಯಲ್ಲಿ ಬಣ್ಣದ ಮುಳ್ಳು ಲಾಬ್‌ಸ್ಟರ್‌ನ ಮರಿ ಕಂಡು ಮನಸೋಲದವರು ಕಡಿಮೆ. ನೀಲಿ ಕಾಲುಗಳ ಉದ್ದಕ್ಕೂ ಬಿಳಿ ಗೆರೆ, ಬೆನ್ನ ಮೇಲೆ ಹಸಿರು, ಕಪ್ಪು, ಬಿಳಿಯ ಚಿತ್ತಾರ, ಮೈಗಿಂತ ಉದ್ದನೆಯ ಎರಡು ಬಿಳಿ ಮೀಸೆ. ಪ್ಯಾನುಲಿರಸ್ ವರ್ಸಿಕಲರ್ ಎಂಬ ಈ ಜಾತಿ ಲಕ್ಷದ್ವೀಪ, ಅಂಡಮಾನ್‌ಗಳ ಹವಳದ ದಿಬ್ಬಗಳಲ್ಲೂ ಇದೆ. ಬೆರಳುದ್ದದ ಮರಿ ಬೆಳೆಯುತ್ತ ಹೋದರೆ ಮೀಸೆ ಬಿಟ್ಟು ಒಂದಡಿಯಾಗುತ್ತದೆ. ಹಾಗಾಗಿ, ಹವಳ ಜೋಡಿಸಿಟ್ಟ ಪುಟ್ಟ ತೊಟ್ಟಿಗೆ ಇದನ್ನು ತಂದು ಬಿಡಬೇಡಿ. ಸಾಕಲೇಬೇಕೆಂದರೆ 500 ಲೀಟರ್‌ಗೆ ಕಡಿಮೆಯಿಲ್ಲದ ತೊಟ್ಟಿಯನ್ನು ಅದಕ್ಕೆಂದೇ ಕಟ್ಟಿ.

ಇದು ರಾತ್ರಿ ಓಡಾಡುವ ಜೀವ. ಹಗಲಿಡೀ ಬಂಡೆಯ ಸಂದಿಯಲ್ಲಿ ಕೂತು ಮೀಸೆ ಮಾತ್ರ ಹೊರಗೆ ಚಾಚಿರುತ್ತದೆ. ಒಳಗೆ ತಿರುಗಲು ಜಾಗವಿರುವ ಕತ್ತಲೆಯ ಪೊಟರೆಯೇ ಅದರ ಮನೆ. ಬಂಡೆಗಳನ್ನು ಮರಳಿನ ಮೇಲಲ್ಲ, ನೇರ ತೊಟ್ಟಿಯ ತಳದ ಮೇಲೆ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಇಲ್ಲದಿದ್ದರೆ ಅದು ಕೆದಕಿದಾಗ ಕುಸಿಯುತ್ತವೆ. ಏಡಿಗಿರುವಂಥ ದಪ್ಪ ಇಕ್ಕುಳ ಇದಕ್ಕಿಲ್ಲ, ಆದರೆ ದವಡೆ ಗಟ್ಟಿ. ತೊಟ್ಟಿಯ ಶಂಖದ ಹುಳುಗಳು, ಚಿಪ್ಪುಮೀನು, ಕೆಲವೊಮ್ಮೆ ನಿದ್ದೆಯಲ್ಲಿರುವ ಸಣ್ಣ ಮೀನೂ ಅದರ ಪಾಲಾಗುತ್ತವೆ. ದೀಪ ಆರಿದ ಮೇಲೆ ಸಿಗಡಿ, ಮರುವಾಯಿ, ಮೀನಿನ ತುಂಡು ಕೊಡಿ.

ಹೆದರಿದಾಗ ಇದು ಕರಕರ ಸದ್ದು ಮಾಡುತ್ತದೆ. ಮೀಸೆಯ ಬುಡದ ಮೆತ್ತನೆಯ ಭಾಗ ಕಣ್ಣಿನ ಕೆಳಗಿನ ಪಟ್ಟಿಯ ಮೇಲೆ ಅಂಟಿ, ಜಾರಿ, ಮತ್ತೆ ಅಂಟುವುದರಿಂದ ಹುಟ್ಟುವ ಸದ್ದು ಅದು. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ ಎಂದು ಜೀವವಿಜ್ಞಾನಿ ಶೀಲಾ ಪಟೇಕ್ 2001ರಲ್ಲಿ ತೋರಿಸಿಕೊಟ್ಟರು. ಪೊರೆ ಬಿಟ್ಟು ಮೈಯೆಲ್ಲ ಮೆತ್ತಗಿರುವಾಗಲೂ ಈ ಸದ್ದು ಹೊರಡಿಸಬಲ್ಲದು.

ಸಾಕುವವರ ನಿಜವಾದ ಪರೀಕ್ಷೆ ಆ ಪೊರೆಯದೇ. ಬೆನ್ನಿನ ಚಿಪ್ಪು ಬಾಲದ ಬುಡದಲ್ಲಿ ಬಿರಿಯುತ್ತದೆ. ಲಾಬ್‌ಸ್ಟರ್ ಕಾಲು, ಮೀಸೆ, ಕಣ್ಣಿನ ಹೊದಿಕೆ ಸಮೇತ ಹಳೆಯದನ್ನೆಲ್ಲ ಬಿಟ್ಟು ಹಿಂದಕ್ಕೆ ಜಾರಿ ಹೊರಬರುತ್ತದೆ. ಬೆಳಿಗ್ಗೆ ಖಾಲಿ ಕವಚ ಕಂಡು ಸತ್ತೇಹೋಯಿತೆಂದು ಗಾಬರಿಯಾಗುವವರಿದ್ದಾರೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದನ್ನು ಮುಟ್ಟಬೇಡಿ, ಜಾಗ ಬದಲಿಸಬೇಡಿ. ಟ್ರಿಗರ್ ಮೀನು, ಪಫರ್ ಮೀನು ಜೊತೆಗಿದ್ದರೆ ಈ ದಿನಗಳಲ್ಲೇ ಅದರ ಕತೆ ಮುಗಿಯುತ್ತದೆ. ಮುರಿದ ಮೀಸೆ ಮಾತ್ರ ಒಂದೆರಡು ಪೊರೆ ಕಳೆದ ಮೇಲೆ ಮತ್ತೆ ಚಿಗುರುತ್ತದೆ. ಇನ್ನೊಂದು ಎಚ್ಚರ: ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕುವ ತಾಮ್ರದ ಔಷಧ ಇದಕ್ಕೆ ವಿಷ.

ಮನೆಯಲ್ಲಿ ಇದರ ಮರಿ ಮಾಡಿಸುತ್ತೇನೆಂಬ ಆಸೆ ಬೇಡ. ಮೊಟ್ಟೆಯಿಂದ ಬರುವ ಎಲೆಯಂಥ ಪಾರದರ್ಶಕ ಲಾರ್ವಾ ತಿಂಗಳುಗಟ್ಟಲೆ ತೆರೆದ ಕಡಲಲ್ಲಿ ತೇಲಿದ ನಂತರವೇ ದಿಬ್ಬಕ್ಕೆ ಮರಳುತ್ತದೆ. ಅಂಗಡಿಗೆ ಬರುವುದು ಸಾಮಾನ್ಯವಾಗಿ ಕಡಲಿನಿಂದಲೇ ಹಿಡಿದು ತಂದದ್ದು. ಆದ್ದರಿಂದ ಹೊಟ್ಟೆಯಡಿ ಮೊಟ್ಟೆಯ ಗೊಂಚಲು ಹೊತ್ತ ಹೆಣ್ಣನ್ನು ಕೊಳ್ಳಲೇಬೇಡಿ. ಬೇರೆಯದನ್ನು ಕೊಳ್ಳುವಾಗ ಅಂಗಡಿಯವರ ಕೈಯಲ್ಲೇ ಒಂದು ತುಂಡು ಸಿಗಡಿ ಹಾಕಿಸಿ. ಮೀಸೆ ಆಡಿಸಿಕೊಂಡು ಬಂದು ತಿಂದರೆ ಮಾತ್ರ ಮನೆಗೆ ತನ್ನಿ, ತೊಟ್ಟಿಯ ನೀರನ್ನು ಚೀಲಕ್ಕೆ ಹನಿಹನಿಯಾಗಿ ಬೆರೆಸುತ್ತ ಒಂದು ಗಂಟೆಯಾದರೂ ಹೊಂದಿಕೊಳ್ಳಲು ಬಿಡಿ.